ಕರೆಂಟಿನ ಪುಡಿಯ ಅಕ್ಕೋರು

ನಾನು ಅತ್ತರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಅಕ್ಕೋರನ್ನು ಮಣ್ಣು ಮಾಡುವ ದಿನ ಬೆಲ್ಲದ ಬಾಗೇವಾಡಿಗೆ ಹೋಗಿದ್ದಾಗ, ಹೊಲದ ಬದುವಿನ ಮೇಲೆ ನಿಂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ನಮ್ಮ ಮೂಡಲಗಿಯಿಂದಲೇ ಬಂದಿದ್ದ ಗೃಹಸ್ಥನೊಬ್ಬ ಮೊಳಕೈಯಿಂದ ತಿವಿದು, “ಕಾಕಾ, ಇಲ್ಲೆರ ನಾಟಕಾ ಬಿಡ್ರಿ. ಮಂದಿ ನಕ್ಕಾರು,” ಎಂದು ಪಿಸುಗುಟ್ಟಿದ. ಅವನ ತಪ್ಪೇನೂ ಇಲ್ಲ. ವರನಿಗೆ ಕಿವಿ ಮಂದ ಎಂದು ಬ್ಯಾಂಡಿನವರಿಗೆ ಹೇಳಿ, ಅವನ ಮದುವೆಯ ಮೆರವಣಿಗೆಯ ಉದ್ದಕ್ಕೂ ಅವನ ಕಿವಿಯ ಬುಡದಲ್ಲೇ ತುತ್ತೂರಿ ಊದಿಸಿದವನು ನಾನು. ಅಂಥವನ ಕಣ್ಣಲ್ಲಿ ನೀರು ಕಂಡರೆ ಜನ ಮೊದಲು ಸುತ್ತಮುತ್ತ ನೋಡುತ್ತಾರೆ, ಈ ಸಲ ಯಾರ ಸರದಿ ಎಂದು.

ಹೀಗಾಗಿ ಆವತ್ತು ಅಳು ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಮೂಡಲಗಿಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇದೆ. ಟ್ರ್ಯಾಕ್ಟರ್, ಲಾರಿ, ಮನೆಯ ಇನ್ವರ್ಟರ್, ಯಾವುದರದೇ ಇರಲಿ, ಸತ್ತ ಬ್ಯಾಟರಿಯನ್ನು ಎಬ್ಬಿಸಿ ಕೂರಿಸುವವ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನಲ್ಲಿ ನನ್ನಂಥವ ಮತ್ತೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಉಳಿದವರಿಗೆ ಹೊಟ್ಟೆಕಿಚ್ಚು. ಬ್ಯಾಟರಿಗಿಂತ ಹೆಚ್ಚಿನ ಹೆಸರು ನನಗೆ ಬಂದದ್ದು ‘ಕರೆಂಟಿನ ಪುಡಿ’ಯಿಂದ. ಬಂದ ಕೂಡಲೇ ‘ಲಗೂನ ಮಾಡ್ರಿ, ಲಗೂನ ಮಾಡ್ರಿ’ ಎಂದು ತಲೆ ತಿನ್ನುವ ಗಿರಾಕಿಗಳಿರುತ್ತಾರಲ್ಲ, ಅವರಿಗೆ ನಾನು ಬಹಳ ಗಂಭೀರವಾಗಿ, “ನಿಮ್ಮ ಬ್ಯಾಟರಿಗೆ ಕರೆಂಟಿನ ಪುಡಿ ಕಡಿಮಿ ಬಿದ್ದೈತ್ರಿ. ಆ ಹಾರ್ಡ್‌ವೇರ್ ಅಂಗಡ್ಯಾಗ ಪಾವ ಕಿಲೋ ತಗೊಂಡ ಬರ್ರಿ,” ಎನ್ನುತ್ತಿದ್ದೆ. ಹಾರ್ಡ್‌ವೇರ್ ಅಂಗಡಿಯವನು ನನ್ನ ಗೆಳೆಯ. ಅವನು ಅಷ್ಟೇ ಗಂಭೀರವಾಗಿ, “ನಿನ್ನೆನ ಖಾಲಿ ಆತಲ್ರಿ. ಹಿಟ್ಟಿನ ಗಿರಣಿ ಕಡೆ ನೋಡ್ರಿ,” ಎನ್ನುತ್ತಿದ್ದ. ಗಿರಾಕಿ ಬಜಾರ ಸುತ್ತಿ ಬರುವಷ್ಟರಲ್ಲಿ ಬ್ಯಾಟರಿ ಚಾರ್ಜ್ ಆಗಿರುತ್ತಿತ್ತು, ನನ್ನ ಚಹಾ ಮುಗಿದಿರುತ್ತಿತ್ತು.

ಇಂಥ ಅಂಗಡಿಗೆ ಒಂದು ದಿನ ಅಕ್ಕೋರು ಬಂದರು. ನಮ್ಮಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಇವರು ಗೋಕಾಕದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವರು. ಹೆಸರು ಬರೆಯುವುದಿಲ್ಲ. ಬರೆದರೆ, ‘ನನ್ನನ್ನ ನಿಮ್ಮ ಅಂಗಡಿ ಬೋರ್ಡ್ ಮಾಡಬ್ಯಾಡ್ರಿ ಕಾಕಾ’ ಎನ್ನುತ್ತಿದ್ದರು. ಸಣ್ಣ ದೇಹ, ನೂಲಿನ ಸೀರೆ, ಹೆಗಲಿಗೆ ಬಟ್ಟೆ ಚೀಲ. ಬೆರಳ ತುದಿಗಳು ಮಾತ್ರ ನಮ್ಮ ಗ್ಯಾರೇಜಿನವರ ಬೆರಳಿನಂತೆ ಕಪ್ಪು. ಡಿಸ್ಟಿಲ್ಡ್ ನೀರು ಬೇಕು, ಇರುವ ಕ್ಯಾನುಗಳನ್ನೆಲ್ಲ ಕೊಡಿ ಎಂದರು.

“ಗೋಕಾಕದಾಗ ಸಿಗೂದಿಲ್ಲೇನ್ರಿ?” ಎಂದೆ.

“ಸಿಗತೈತ್ರಿ. ತಪಾಸ ಮಾಡಿದ್ರ ಅದರಾಗ ಉಪ್ಪಿನಂಶ ಬರತೈತಿ. ನಿಮ್ಮ ನೀರು ಚೊಲೋ ಐತಿ ಅಂದ್ರು.”

ನನ್ನ ಎದೆ ಎರಡು ಇಂಚು ಉಬ್ಬಿತು. “ಎಷ್ಟು ಬ್ಯಾಟರಿ ಅದಾವ್ರಿ ನಿಮ್ಮಂತ್ಯಾಕ?”

“ಬ್ಯಾಟರಿ ಇಲ್ರಿ. ಪುಡಿ ತೊಳ್ಯಾಕ ಬೇಕು.”

“ಎಂಥಾ ಪುಡಿ?”

“ಕರೆಂಟ ಒಳಗ ಬಂದು ಕುಂದ್ರು ಅಂಥಾ ಪುಡಿರಿ.”

ನಾನು ತಕ್ಷಣ ಎದ್ದು ಹೊರಗೆ ಬಂದು ಹಾರ್ಡ್‌ವೇರ್ ಅಂಗಡಿಯ ಕಡೆ ನೋಡಿದೆ. ಇದು ಅವನದೇ ಕಿತಾಪತಿ, ಇಷ್ಟು ವರ್ಷದ ಸೇಡಿಗೆ ಯಾರೋ ಗರತಿಯನ್ನು ಒಪ್ಪಿಸಿ ಕಳಿಸಿದ್ದಾನೆ ಎಂದುಕೊಂಡೆ. “ಅಕ್ಕೋರ, ನಿಮ್ಮನ್ನ ಯಾರು ಕಳಿಸ್ಯಾರ ಖರೆ ಹೇಳ್ರಿ. ನಾ ಸಿಟ್ಟಾಗಾಂಗಿಲ್ಲ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಚೀಲದಿಂದ ಸಣ್ಣ ಶೀಸೆ ತೆಗೆದು ನನ್ನ ಅಂಗೈ ಮೇಲೆ ಒಂದು ಚಿಟಿಕೆ ಕಪ್ಪು ಪುಡಿ ಹಾಕಿದರು. ಕಾಡಿಗೆಗಿಂತ ಕಪ್ಪು. ಏನು ಸುಟ್ಟು ಮಾಡಿದ್ದೆಂದು ಕೇಳಿದೆ. ಗೊಂಜಾಳದ ಬೆಂಡು ಎಂದರು. ಗೊಂಜಾಳವೆಂದರೆ ಮೆಕ್ಕೆಜೋಳ, ಕಾಳು ಬಿಡಿಸಿದ ಮೇಲೆ ಉಳಿಯುತ್ತದಲ್ಲ, ಆ ಬೆಂಡು.

“ಅದನ್ನ ನಮ್ಮ ಮನ್ಯಾಗ ಒಲಿಗಿ ಹಾಕ್ತಾರ್ರಿ!”

“ನಾನೂ ಒಲಿಗೇ ಹಾಕೀನ್ರಿ. ನಮ್ಮ ಒಲಿ ಒಂಚೂರು ದೊಡ್ಡದು.”

ಆಮೇಲೆ ನನ್ನ ಕರೆಂಟಿನ ಪುಡಿಯ ಕಥೆ ತಿಳಿದು ಅವರು ನಕ್ಕದ್ದೇ ನಕ್ಕದ್ದು. ಮುಂದಿನ ಸಲ ಬಂದಾಗ ಅಂಗಡಿ ಮೆಟ್ಟಿಲಿನಿಂದಲೇ, “ಕರೆಂಟಿನ ಪುಡಿ ಬೇಕೇನ್ರಿ ಕಾಕಾ?” ಎಂದು ಕೂಗಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಮುಖ ನೋಡಿದರು. ಊರಿಗೆಲ್ಲ ನಾನು ಹೇಳಿದ ಸುಳ್ಳನ್ನು ಗೋಕಾಕದಲ್ಲಿ ಒಬ್ಬ ಹೆಣ್ಣುಮಗಳು ಖರೆ ಮಾಡಲು ಕೂತಿದ್ದಳೆಂದರೆ ನನ್ನ ಗತಿ ಏನು, ನೀವೇ ಹೇಳಿ.

ನಾನೇನು ಸುಮ್ಮನೆ ಒಪ್ಪುವವನೇ? ಸೀಸ ಬಿಟ್ಟು ಬ್ಯಾಟರಿ ಮಾಡುವುದೆಂದರೆ ಹಿಟ್ಟು ಬಿಟ್ಟು ರೊಟ್ಟಿ ಬಡಿದಂತೆ ಎಂದು ವಾದಕ್ಕೆ ನಿಂತೆ. ಅಕ್ಕೋರು ವಾದ ಮಾಡುವವರಲ್ಲ. ಎದುರಿನವರು ದಣಿಯುವವರೆಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಇಲ್ಲದ ಪುಡಿಯನ್ನು ತಿಕ್ಕುತ್ತ ಕೂರುವರು. ಆಮೇಲೆ ಹೇಳುವರು. ಮೊಬೈಲಿನ ಬ್ಯಾಟರಿಯಲ್ಲಿರುವುದು ಲಿಥಿಯಂ, ಅದು ದೂರ ದೇಶಗಳಿಂದ ಬರಬೇಕು. ಸೋಡಿಯಂ ಎಂದರೆ ಅಡಿಗೆ ಉಪ್ಪಿನಲ್ಲಿರುವುದೇ, ಎಷ್ಟು ಬೇಕಾದರೂ ಇದೆ. ಆದರೆ ಲಿಥಿಯಂ ತೆಳ್ಳಗೆ, ಸೋಡಿಯಂ ದಪ್ಪ. ಚಾರ್ಜ್ ಮಾಡುವಾಗ ಬಂದು ಕೂರಲು ಲಿಥಿಯಂಗೆ ಗ್ರಾಫೈಟ್ ಸಾಕು, ಸೋಡಿಯಂಗೆ ಅಲ್ಲಿ ಜಾಗ ಸಿಗುವುದಿಲ್ಲ.

“ಇಸ್ತ್ರಿ ಮಾಡಿ ಒಂದರ ಮ್ಯಾಲ ಒಂದು ಇಟ್ಟ ಸೀರಿ ನೋಡ್ರಿ, ಅದು ಗ್ರಾಫೈಟ್. ನಡುವ ಒಂದು ಹಾಳಿ ತೂರಸಬೌದು, ಕೈ ಹೋಗಾಂಗಿಲ್ಲ. ಅವೇ ಸೀರಿ ಮುದ್ದಿ ಮಾಡಿ ಮೂಲ್ಯಾಗ ಒಗೀರಿ. ಎಷ್ಟು ಸಂದಿ ಸಿಗ್ತಾವು! ನನ್ನ ಪುಡಿ ಅಂದ್ರ ಆ ಮುದ್ದಿ ಮಾಡಿದ ಸೀರಿ.”

“ಅಂದ್ರ ದಪ್ಪಂದವರಿಗೆ ಜಾಗಾ ಮಾಡಾಕತ್ತೀರಿ ಅನ್ರಿ,” ಎಂದು ನನ್ನ ಹೊಟ್ಟೆ ತಟ್ಟಿಕೊಂಡೆ.

“ನಿಮ್ಮಂಥವ್ರ ಸಲುವಾಗೇರಿ.”

ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಸೋಡಿಯಂ ಹೆಸರು ಕಾಕಾ ಎಂದೇ ಆಯಿತು. ಫೋನಿನಲ್ಲಿ, “ಈ ಸಲಾ ಕಾಕಾ ಚೊಲೋ ಕುಂತಾರ್ರಿ,” ಎಂದರೆ ಪುಡಿ ಒಳ್ಳೆಯದಾಗಿದೆ ಎಂದರ್ಥ. “ಕಾಕಾ ಒಳಗ ಹೋದಾವ್ರು ಹೊರಗ ಬರವಲ್ರು,” ಎಂದರೆ ಕೆಟ್ಟಿದೆ ಎಂದು. ನನ್ನ ಹೆಂಡತಿ ಒಮ್ಮೆ ಈ ಮಾತು ಕೇಳಿಸಿಕೊಂಡು, ನಾನು ಯಾರ ಮನೆಯೊಳಗೆ ಹೋಗಿ ಕೂತಿದ್ದೆನೆಂದು ಎರಡು ದಿನ ವಿಚಾರಣೆ ಮಾಡಿದಳು.

ಈ ಹುಚ್ಚು ಅವರಿಗೆ ಯಾಕೆ ಹಿಡಿಯಿತೆಂದು ಒಮ್ಮೆ ಕೇಳಿದ್ದೆ. ಅವರ ಅಣ್ಣ ಬೆಲ್ಲದ ಬಾಗೇವಾಡಿಯಲ್ಲಿ ಹೊಲ ಮಾಡಿಕೊಂಡಿದ್ದವರು. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ನಮ್ಮ ಹಗಲು ರಾತ್ರಿ ಕೇಳಿ ಬರುವುದಿಲ್ಲ. ಒಂದು ರಾತ್ರಿ ಕರೆಂಟು ಬಂತೆಂದು ಅಣ್ಣ ಗೊಂಜಾಳಕ್ಕೆ ನೀರು ಹಾಯಿಸಲು ಹೋಗಿದ್ದಾರೆ. ಮೋಟಾರ್ ಮನೆಯ ಬಾಗಿಲಲ್ಲಿ ಹಾವು ಕಚ್ಚಿದೆ. ಕೈಯಲ್ಲಿದ್ದ ಟಾರ್ಚಿನ ಸೆಲ್ಲು ಇಳಿದಿತ್ತಂತೆ. ಬೆಳಿಗ್ಗೆ ನೋಡಿದಾಗ ನೀರು ಮಾತ್ರ ಇನ್ನೂ ಹರಿಯುತ್ತಿತ್ತಂತೆ.

“ರಾತ್ರಿ ಬಂದ ಕರೆಂಟ ಹಿಡಿದಿಟ್ಟು ಹಗಲಿಗಿ ಕೊಡಬೇಕ್ರಿ ಕಾಕಾ, ನಮ್ಮ ರೈತಗ ನೀಗು ಅಂಥಾ ಬ್ಯಾಟರಿ,” ಎಂದರು ಅಕ್ಕೋರು. “ಮನಷ್ಯಾ ತನ್ನ ಹೊಲಕ್ಕ ಹಗಲಿಗಿ ಹೋಗಬೇಕು. ಅಷ್ಟರಿ.”

ಆವತ್ತು ನನಗೆ ಯಾವ ಚೇಷ್ಟೆಯೂ ಹೊಳೆಯಲಿಲ್ಲ. ನೀರಿನ ಕ್ಯಾನುಗಳನ್ನು ಬಸ್ಸಿನವರೆಗೆ ನಾನೇ ಹೊತ್ತು ಕೊಟ್ಟೆ.

ಅವರ ಒಲೆಯನ್ನು ನೋಡಿದ್ದು ಒಂದು ಇನ್ವರ್ಟರ್ ಬ್ಯಾಟರಿ ಕೊಡಲು ಗೋಕಾಕಕ್ಕೆ ಹೋದಾಗ. ಕಾಲೇಜಿನ ಹಿಂಬದಿಯ ಕೋಣೆ. ಒಂದು ಉದ್ದನೆಯ ಕೊಳವೆ, ಅದರ ಸುತ್ತ ಕುಲುಮೆ, ಬಾಜೂಕ್ಕೆ ಆಳೆತ್ತರದ ಗ್ಯಾಸ್ ಸಿಲಿಂಡರು. ಬೆಂಡನ್ನು ಕೊಳವೆಯೊಳಗಿಟ್ಟು, ಗಾಳಿ ಸುಳಿಯದಂತೆ ನೈಟ್ರೋಜನ್ ಬಿಟ್ಟು, ಕಬ್ಬಿಣ ಕೆಂಪಾಗಿ ಬೆಳ್ಳಗಾಗುವಷ್ಟು ಕಾಯಿಸಬೇಕು. ಅದೂ ಸಾವಕಾಶ. ಅವಸರ ಮಾಡಿದರೆ ಪುಡಿಗೆ ತೂತು ಜಾಸ್ತಿಯಾಗುತ್ತವೆ. ನಾನು ಹೋದ ದಿನ ಸಿಲಿಂಡರು ನಡುವೆಯೇ ಖಾಲಿಯಾಗಿ ಗಾಳಿ ಒಳಗೆ ನುಗ್ಗಿತ್ತು. ಕೊಳವೆ ತೆರೆದರೆ ಕರಿ ಪುಡಿಯ ಬದಲು ಬೆಳ್ಳನೆಯ ಬೂದಿ. ವಾರದ ಕೆಲಸ ಹಾಳು. ಈಗ ಅಳುತ್ತಾರೆ, ಏನು ಸಮಾಧಾನ ಹೇಳಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಕ್ಕೋರು ಆ ಬೂದಿಗೆ ಮೂರು ಬೆರಳು ಅದ್ದಿ ವಿಭೂತಿಯಂತೆ ಹಣೆಗೆ ಅಡ್ಡಲಾಗಿ ಎಳೆದುಕೊಂಡರು. ಶರಣರ ಮನೆತನ, ಕೈ ತಾನಾಗಿಯೇ ಹೋಯಿತು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಹಿಡಿದು, “ಹಚ್ಕೋರಿ ಕಾಕಾ. ಗಾಳಿ ಸಿಗದಿದ್ರ ಪುಡಿ, ಸಿಕ್ರ ಇಬತ್ತಿ. ನಾವೇನು ಕಳಕೊಂಡಂಗಾತು?” ಎಂದರು.

ಅದು ಅವರ ಪದ್ಧತಿಯೇ ಆಗಿತ್ತು. ಕಾಲೇಜಿನ ಮಂದಿ ಪ್ರಯೋಗ ಹೇಗಾಯಿತೆಂದು ಕೇಳುತ್ತಲೇ ಇರಲಿಲ್ಲ, ಹಣೆ ನೋಡಿ ತಿಳಿದುಕೊಳ್ಳುತ್ತಿದ್ದರು. ನಾನು ಮೂಡಲಗಿಯಿಂದ ಫೋನು ಮಾಡಿ, “ಇವತ್ತ ಹಣಿ ಹ್ಯಾಂಗೈತ್ರಿ?” ಎನ್ನುತ್ತಿದ್ದೆ. “ಮೂರೂ ಬೆರಳು ಬಿದ್ದಾವ್ರಿ,” ಎನ್ನುವರು. ಬಿದ್ದ ದಿನಗಳೇ ಹೆಚ್ಚು.

ನನ್ನ ಜೀವಮಾನದಲ್ಲಿ ನನಗೇ ಟೋಪಿ ಹಾಕಿದವರು ಅವರೊಬ್ಬರೇ. ಒಮ್ಮೆ ಗೋಕಾಕದಿಂದ ಬರುವಾಗ ಕರದಂಟಿನ ಡಬ್ಬಿ ತಂದು ಕೊಟ್ಟರು. ನಾನು ಬಿಂಕದಿಂದ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು, ದೊಡ್ಡ ವಿಜ್ಞಾನಿಗಳು ನನಗೆ ಕೊಟ್ಟ ಮರ್ಯಾದೆ ನೋಡಿ ಎಂದು ಡಬ್ಬಿ ತೆರೆದರೆ, ಒಳಗೆ ಕರದಂಟಿನ ಹಾಗೆಯೇ ಚೌಕಾಕಾರವಾಗಿ ಕತ್ತರಿಸಿದ ಕರೀ ಬೆಂಡಿನ ತುಂಡುಗಳು! ಹಾರ್ಡ್‌ವೇರ್ ಅಂಗಡಿಯವನು ನೆಲದ ಮೇಲೆ ಕೂತು ನಕ್ಕ. ಅಕ್ಕೋರು ಮುಖ ಸಡಿಲಿಸಲಿಲ್ಲ. “ತಿನ್ನಾಕ ಬರಾಂಗಿಲ್ರಿ. ಆದ್ರ ಒಳಗ ಕಾಕಾಗ ಕುಂದ್ರಾಕ ಜಾಗಾ ಐತಿ,” ಎಂದು, ಚೀಲದಿಂದ ನಿಜವಾದ ಡಬ್ಬಿ ತೆಗೆದಿಟ್ಟರು.

ಅವರ ದೊಡ್ಡ ಚಿಂತೆ ಒಂದೇ ಆಗಿತ್ತು. ಹೊಸ ಪುಡಿಗೆ ಮೊದಲ ಸಲ ಚಾರ್ಜ್ ಮಾಡಿದಾಗ, ಕೊಟ್ಟಷ್ಟು ಸೋಡಿಯಂ ವಾಪಸು ಬರುವುದಿಲ್ಲ. ಪುಡಿಯ ಮೈಮೇಲೆ ಒಂದು ಪದರ ಕಟ್ಟುತ್ತದೆ, ಒಂದಿಷ್ಟು ಅದರಲ್ಲೇ ಸಿಕ್ಕಿಬೀಳುತ್ತದೆ. ತೂತು ಹೆಚ್ಚಿದ್ದಷ್ಟೂ ನುಂಗುವುದು ಹೆಚ್ಚು. “ಹೊಸಾ ಗಡಿಗಿ ಇದ್ದಂಗ್ರಿ,” ಎನ್ನುವರು. “ಮೊದಲ ಹಾಕಿದ ನೀರು ಗಡಿಗೀನ ಕುಡದ ಬಿಡತೈತಿ. ಕುಡೀಲಿ, ಬ್ಯಾಡನ್ನಾಂಗಿಲ್ಲ. ಆದ್ರ ಎಷ್ಟು ಕುಡೀಬೇಕು ಅದಕ್ಕೊಂದು ರೀತಿ ಬ್ಯಾಡೇನ್ರಿ?”

ಸೋಡಿಯಂಗೆ ತೇವ ತಾಗಬಾರದು, ಹಾಗಾಗಿ ಸೆಲ್ಲು ಕಟ್ಟುವ ಕೆಲಸ ಗೋಕಾಕದಲ್ಲಿ ಆಗುವಂಥದ್ದಲ್ಲ. ಶೀಸೆಗಳನ್ನು ಚೀಲದಲ್ಲಿಟ್ಟುಕೊಂಡು ದೂರದ ಒಂದು ದೊಡ್ಡ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಎಷ್ಟೋ ಸಲ ಜೋಲು ಮುಖ ಹಾಕಿಕೊಂಡು ಬಂದವರು ಒಂದು ಮಧ್ಯಾಹ್ನ ನೆಟ್ಟಗೆ ನನ್ನ ಅಂಗಡಿಗೇ ಬಂದರು. ಕೋಟಿನ ಗುಂಡಿಯಷ್ಟಿದ್ದ ಒಂದು ಸೆಲ್ಲನ್ನು ಮೇಜಿನ ಮೇಲಿಟ್ಟು, ಸಣ್ಣ ಕೆಂಪು ದೀಪದ ಎರಡು ತಂತಿ ತಾಗಿಸಿದರು. ದೀಪ ಹತ್ತಿತು. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಕಿಡಿ ಹಾರಿಸುವವನಿಗೆ ಅದೇನು ಬೆಳಕು? ಆದರೂ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಕತ್ತಲು ಮಾಡಿ ನೋಡಿದೆ.

“ನಮ್ಮ ಹೊಲದ ಬೆಂಡ್ರಿ,” ಎಂದರು.

ಪ್ರಯೋಗಾಲಯದವರು ಹೊಗಳಿದ್ದರಂತೆ, ಆದರೆ ಒಂದು ಮಾತು ಹೇಳಿದ್ದರಂತೆ. ಇಷ್ಟೇ ಚೆನ್ನಾಗಿ ಇನ್ನೊಮ್ಮೆ ಬರಲಿ, ಅದೇ ಹೊಲದ ಬೆಂಡಿನಿಂದಲೇ ಬರಲಿ. ಬಂದರೆ ದೊಡ್ಡ ಸೆಲ್ಲು ಕಟ್ಟಿ ಪಂಪಿಗೇ ಜೋಡಿಸಿ ನೋಡೋಣ. ಒಮ್ಮೆ ಆದದ್ದು ದೈವ, ಮತ್ತೊಮ್ಮೆ ಆದರೆ ವಿದ್ಯೆ. ಇದು ನನ್ನ ಕಸುಬಿನಲ್ಲೂ ಇರುವ ನ್ಯಾಯ, ತಕರಾರಿಲ್ಲ. ಅಕ್ಕೋರು ಮುಂದಿನ ಸುಗ್ಗಿಗೆ ಕಾದರು.

ಸುಗ್ಗಿಗಿಂತ ಮೊದಲು ಹೊಟ್ಟೆಯಲ್ಲಿ ಗಡ್ಡೆ ಬಂತು.

ಬೆಳಗಾವಿಯ ದವಾಖಾನೆಗೆ ಹೋಗಿ ಬಂದು ಮಾಡುವುದು ಶುರುವಾಯಿತು. ತಲೆಗೂದಲು ಹೋದವು. ನಾನು ನೋಡಲು ಹೋಗಿ ನನ್ನ ಬೋಳು ತಲೆ ತೋರಿಸಿ, “ನಮ್ಮ ಪಾರ್ಟಿಗಿ ಬಂದ್ರಿ ನೋಡ್ರಿ, ಎಣ್ಣಿ ಉಳೀತು,” ಎಂದೆ. ನಕ್ಕರು. ನಗು ಮುಗಿದ ಮೇಲೆ ಕೇಳಿದ್ದು ಒಂದೇ: “ವೈನಿ ಗೊಂಜಾಳ ಮುರದಾರೇನ್ರಿ?”

ವೈನಿ ಎಂದರೆ ತೀರಿಕೊಂಡ ಅಣ್ಣನ ಹೆಂಡತಿ. ಬೆಲ್ಲದ ಬಾಗೇವಾಡಿಯ ಆ ಹೊಲವನ್ನು ಆಕೆಯೇ ಮಾಡಿಸುತ್ತಾರೆ. ಕಡಿಮೆ ಮಾತಿನ ಹೆಣ್ಣುಮಗಳು. ಪ್ರತಿ ವರ್ಷ ಬೆಂಡು ಬಿಡಿಸಿ, ಒಣಗಿಸಿ, ಚೀಲ ಕಟ್ಟಿ ನಾದಿನಿಗೆ ಕಳಿಸುತ್ತಿದ್ದವರೂ ಅವರೇ. ಆ ವರ್ಷವೂ ಕಳಿಸಿದರು. ಅಕ್ಕೋರು ಗೋಡೆ ಹಿಡಿದುಕೊಂಡು ಕಾಲೇಜಿಗೆ ಹೋಗಿ, ಎಂದಿನಂತೆ ತೊಳೆದು, ಸಾವಕಾಶ ಕಾಯಿಸಿ, ಪುಡಿ ಮಾಡಿ ಕಳಿಸಿದರು. ಹಣೆಗೆ ಬೂದಿ ಬಿದ್ದಿರಲಿಲ್ಲ, ಆದ್ದರಿಂದ ನಾನು ನಿಶ್ಚಿಂತನಾಗಿದ್ದೆ.

ಪ್ರಯೋಗಾಲಯದಿಂದ ಫೋನು ಬಂದ ದಿನ ನಾನು ಅವರ ಗೋಕಾಕದ ಮನೆಯಲ್ಲೇ ಇದ್ದೆ. ಈ ಸಲದ ಪುಡಿ ಮೊದಲ ಚಾರ್ಜಿನಲ್ಲೇ ಅರ್ಧಕ್ಕರ್ಧ ನುಂಗಿ ಕೂತಿತ್ತು. ತೂತೇ ತೂತು. ಅದೇ ಹೊಲ, ಅದೇ ಬೀಜ, ಅದೇ ಒಲೆ. ಅಕ್ಕೋರು ಬಹಳ ಹೊತ್ತು ಬೆರಳು ತಿಕ್ಕುತ್ತ ಕೂತರು. ಆಮೇಲೆ ಮೂಲೆಯ ಚೀಲದಲ್ಲಿ ಉಳಿದಿದ್ದ ಒಂದು ಬೆಂಡನ್ನು ತರಿಸಿ, ಮೂಸಿ, ಬೆಳಕಿಗೆ ಹಿಡಿದು, ಕೊನೆಗೆ ನಾಲಿಗೆಗೆ ಹಚ್ಚಿಕೊಂಡರು. ಮುಖದಲ್ಲಿ ನಗುವೋ ಏನೋ ಒಂದು ಬಂತು. ಬೆಂಡನ್ನು ನನ್ನತ್ತ ಚಾಚಿದರು. ನಾನೂ ನೆಕ್ಕಿದೆ. ಉಪ್ಪಿನಕಾಯಿಯಷ್ಟು ಉಪ್ಪು.

ಅಷ್ಟರಲ್ಲಿ ವೈನಿಯೇ ರೊಟ್ಟಿಯ ಗಂಟು ಹಿಡಿದು ಬಾಗೇವಾಡಿಯಿಂದ ಬಂದರು. ಕೂತವರೇ ಮೊದಲು ಕೇಳಿದ್ದು ಅದನ್ನೇ. “ಹ್ಯಾಂಗಾತ ತಂಗೀ ಈ ಸಲದ್ದು? ನೀ ಉಪ್ಪಿನ ಬ್ಯಾಟರಿ ಅಂತಿದ್ದಿ. ನಿನಗ ಆರಾಮಿಲ್ಲ, ನಾನರ ಒಂದೀಟು ಕೆಲಸಾ ಮುಗಸೂನು ಅಂತ ಬೆಂಡೆಲ್ಲಾ ಉಪ್ಪಿನ ನೀರಾಗ ನೆನಸಿ ಒಣಗಿಸಿದ್ನಿ. ಎಂಟ ದಿನಾ ಬಾನ್ಯಾಗಿಟ್ಟು ಮಗಚೀನಿ ನೋಡು.”

ನಾನು ಅಕ್ಕೋರ ಮುಖ ನೋಡಿದೆ.

“ಅದಕ್ಕ ಅನ್ರಿ ವೈನಿ!” ಎಂದರು ಅಕ್ಕೋರು. “ಹೋದ ಸಲಕ್ಕಿಂತ ಚೊಲೋ ಆಗೇತಿ. ಯಾಕ ಅಂತ ನಾವಿಬ್ರೂ ಈಗ ಅದನ್ನ ಮಾತಾಡಾಕತ್ತಿದ್ವಿ. ಕೇಳ್ರಿ ಕಾಕಾನ್ನ.”

ನಾನು ಹೌದೆಂದು ತಲೆಯಾಡಿಸಿದೆ. ವೈನಿಯ ಮುಖ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರು ಚಹಾಕ್ಕಿಡಲು ಒಳಗೆ ಹೋದ ಮೇಲೆ, “ಅಕ್ಕೋರ, ನನ್ನ ವಿದ್ಯಾ ನನಗಿಂತ ಚೊಲೋ ಕಲ್ತೀರಿ,” ಎಂದೆ.

ಅವರು ಒಳಗಿನ ಕಡೆ ನೋಡುತ್ತ ದನಿ ತಗ್ಗಿಸಿದರು. “ಆವತ್ತ ಅಣ್ಣಗ ಟಾರ್ಚ್ ಕೈಯಾಗ ಕೊಟ್ಟು ಕಳಿಸಿದಾಕಿ ಆಕೀರಿ ಕಾಕಾ. ಸೆಲ್ಲ ಇಳದದ್ದು ನಾ ನೋಡಬೇಕಾಗಿತ್ತು ಅಂತ ಇವತ್ತಿಗೂ ಅಂತಾಳ. ಇನ್ನ ಇದೂ ಆಕಿ ತಲಿಮ್ಯಾಲ ಬ್ಯಾಡ. ಮುಂದಿನ ಸುಗ್ಗಿ ಬರಲಿ, ನಾನ ಹೋಗಿ ಎದುರು ನಿಂತು ಬಿಡಸತೀನಿ. ಉಪ್ಪಿನ ಮಾತ ತಗೀಲಾರದನ.”

ಉಳಿದ ಬೆಂಡನ್ನು ನನ್ನ ನೀರಿನಲ್ಲಿ ತೊಳೆದು ತೊಳೆದು ನೋಡಿದರು. ಕ್ಯಾನುಗಳು ಮುಗಿದವು, ಒಳಗಿಳಿದ ಉಪ್ಪು ಪೂರ್ತಿ ಹೋಗಲಿಲ್ಲ. ಬೇರೆ ಹೊಲದ ಬೆಂಡು ಬೇಕಾದಷ್ಟು ಸಿಗುತ್ತಿತ್ತು, ಆದರೆ ಕೇಳಿದ್ದು ಅದೇ ಹೊಲದ್ದು. ಮುಂದಿನ ಸುಗ್ಗಿ ಹತ್ತಿರ ಬಂತು. ಹೊಲದಲ್ಲಿ ಗೊಂಜಾಳ ತೆನೆ ಕಟ್ಟಿದ್ದ ಹೊತ್ತಿನಲ್ಲೇ ಅಕ್ಕೋರನ್ನು ತಂದು ಅಣ್ಣನ ಬಾಜೂಕ್ಕೆ ಮಣ್ಣು ಮಾಡಿದೆವು.

ಈಗ ಆ ಒಲೆಯನ್ನು ಅವರ ಕೈಕೆಳಗಿದ್ದ ಇನ್ನೊಬ್ಬ ಅಕ್ಕೋರು ನೋಡಿಕೊಳ್ಳುತ್ತಿದ್ದಾರೆ. ಗಟ್ಟಿ ಹೆಣ್ಣುಮಗಳು. ಮೊನ್ನೆ ಫೋನು ಮಾಡಿ, ದೊಡ್ಡ ಪ್ರಯೋಗಾಲಯದವರು ಇನ್ನೊಂದೇ ಸಲ ನೋಡಲು ಒಪ್ಪಿದ್ದಾರೆ, ಅದೇ ಹೊಲದ ಬೆಂಡು ಬೇಕು ಎಂದರು. ಈ ಸಲ ತಪ್ಪಿದರೆ ಅವರು ಬೇರೆ ಪುಡಿ ಹುಡುಕಿಕೊಳ್ಳುತ್ತಾರೆ, ನಮ್ಮ ಅಕ್ಕೋರ ಪುಡಿ ಅಲ್ಲಿಗೆ ಮುಗಿಯಿತು. ಉಪ್ಪಿನ ವಿಷಯ ವೈನಿಗೆ ಹೇಗೆ ತಿಳಿಸುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ, ಮರುದಿನ ವೈನಿ ಚೀಲ ಹೇರಿಕೊಂಡು ಮೂಡಲಗಿಗೆ ಬಂದು ಅಂಗಡಿಯಲ್ಲಿ ಇಳಿಸಿದರು.

“ಕಾಲೇಜಿನ ಅಕ್ಕೋರು ನನಗೂ ಫೋನ್ ಮಾಡಿದ್ರು ಕಾಕಾ. ಬೆಂಡು ಮೊದಲ ನೆನಸಿ ಒಣಗಿಸಿ ಇಟ್ಟಿದ್ನಿ, ಈ ಸಲಾ ಉಪ್ಪು ಒಂಚೂರು ಜಾಸ್ತೀನ ಹಾಕೀನಿ. ಹೋದ ಸಲದ್ದು ಬಾಳ ಚೊಲೋ ಆಗಿತ್ತು ಅಂದಿದ್ಲಲ್ರಿ ತಂಗಿ.”

ಜೀವನವಿಡೀ ಸುಳ್ಳು ಹೇಳಿದವನು ನಾನು. ಬೇಕಾದಾಗ ನಾಲಿಗೆಯ ತುದಿಯಲ್ಲಿ ಸಾಲಾಗಿ ಬಂದು ನಿಲ್ಲುತ್ತಿದ್ದವು. ಆವತ್ತು ಒಂದೂ ಬರಲಿಲ್ಲ. ಕಡೆಗೆ, “ಈ ಸಲಾ ಉಪ್ಪು ಬ್ಯಾಡಂತವ್ವಾ,” ಎಂದೆ.

“ಯಾಕಂತ್ರಿ?”

“ಅಲ್ಲೆ ಒಂದು ಹೊಸಾ ಮಶಿನ್ ಬಂದೈತಿ. ಉಪ್ಪು ಅದು... ತಾನ ಹಾಕ್ಕೋತೈತಿ.”

ವೈನಿ ನನ್ನನ್ನೇ ನೋಡಿದರು. ನಾನು ಚಾರ್ಜರಿನ ಮುಳ್ಳು ನೋಡಿದೆ.

“ಹಂಗಾರ ಹೋದ ಸಲದ್ದು ಕೆಟ್ಟಿತ್ತು,” ಎಂದರು.

ನಾನು ಮುಳ್ಳು ನೋಡುತ್ತಲೇ ಇದ್ದೆ.

“ಊರ ಮಂದಿಗೆಲ್ಲಾ ಸುಳ್ಳ ಹೇಳಿ ನಗಸ್ತೀರಿ. ನನಗ ಒಂದ ಸುಳ್ಳ ನೆಟ್ಟಗ ಹೇಳಾಕ ಬರವಲ್ದೇನ್ರಿ ಕಾಕಾ?” ಎಂದು ಹಳೆಯ ಬ್ಯಾಟರಿಯೊಂದರ ಮೇಲೆ ಕೂತುಬಿಟ್ಟರು. ಅಳಲಿಲ್ಲ. ಸೆರಗಿನಿಂದ ಮೊಣಕಾಲ ಮೇಲಿನ ಧೂಳು ಜಾಡಿಸಿಕೊಂಡರು. “ಸಾಯೂತನಾ ಹೇಳಲಿಲ್ಲ ನೋಡ್ರಿ. ಅಷ್ಟು ದಿನಾ ನನ್ನ ಕೈಯಾಗ ಗಂಜಿ ಕುಡದ್ಲು, ಹೇಳಲಿಲ್ಲ.”

ಬಜಾರದ ಗದ್ದಲ ನಡೆದೇ ಇತ್ತು. ಗಿರಾಕಿಯೊಬ್ಬ ಬಂದು ಲಗೂನ ಮಾಡ್ರಿ ಎಂದ. ನಾಳೆ ಬಾ ಎಂದು ಕಳಿಸಿದೆ.

ಅವನು ಹೋದ ಮೇಲೆ ವೈನಿ ಹೇಳಿದರು. “ಮೋಟಾರ ಮನಿ ಬಾಜೂಕ ಒಂದು ಪಟ್ಟಿ ಗೊಂಜಾಳ ಇನ್ನೂ ಹಂಗ ನಿಂತೈತ್ರಿ. ಪ್ರತಿ ವರ್ಷಾ ಆಳ ಹಚ್ಚಿ ಮುರಸ್ತೀನಿ. ಅವರು ಹೋದಾಗಿಂದ ನಾ ಆ ಕಡೆ ಕಾಲಿಟ್ಟಿಲ್ಲ.” ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ನಾಳೆ ನಾನ ಮುರೀತೀನಿ. ನೀವೂ ಬರ್ರಿ. ಒಬ್ಬಾಕಿನ ಇದ್ರ ನನ್ನ ಕೈ ಸುಮ್ಮಿರಾಂಗಿಲ್ಲ, ಏನರ ಹಾಕೇ ಹಾಕತೈತಿ.”

ಮರುದಿನ ಬಿಸಿಲೇರುವ ಹೊತ್ತಿಗೆ ನಾನು ಬಾಗೇವಾಡಿಯ ಹೊಲದಲ್ಲಿದ್ದೆ. ಅಕ್ಕೋರ ಮೇಲಿನ ಮಣ್ಣು ಇನ್ನೂ ಕುಸಿದಿರಲಿಲ್ಲ. ವೈನಿ ಅಲ್ಲಿ ನಿಲ್ಲಲಿಲ್ಲ, ನೆಟ್ಟಗೆ ಪಟ್ಟಿಯೊಳಗೆ ನಡೆದರು. ಮೋಟಾರ್ ಮನೆಯ ಬಾಗಿಲು ಬಂದಾಗ ಮಾತ್ರ ಹೆಜ್ಜೆ ನಿಂತಿತು. ಎದುರಿಗಿನ ನೆಲವನ್ನು ಒಮ್ಮೆ ನೋಡಿ, ಮತ್ತೆ ತೆನೆಗೆ ಕೈ ಹಾಕಿದರು. ಅವರು ಮುರಿದು ಹಾಕಿದ್ದನ್ನು ನಾನು ಆರಿಸಿ ತಂದೆ. ಆಮೇಲೆ ಅದೇ ಬಾಗಿಲಿನ ನೆರಳಲ್ಲಿ ಕೂತು ಇಬ್ಬರೂ ಕಾಳು ಬಿಡಿಸಿದೆವು. ನಾನು ಎರಡು ಚೇಷ್ಟೆಯ ಮಾತಾಡಿದೆ. ವೈನಿ ಒಂದಕ್ಕೆ ನಕ್ಕರು, ಇನ್ನೊಂದು ಕೇಳಿಸಲಿಲ್ಲ.

ಬೆಂಡಿಗೆ ಧೂಳು ಹತ್ತಿತ್ತು. ವೈನಿ ಒಂದನ್ನು ಸೆರಗಿನಿಂದ ಒರೆಸಲು ಹೋಗಿ, ನನ್ನ ಕಡೆ ನೋಡಿದರು.

“ಒರಸ್ಲೇನ್ರಿ?”

“ಬ್ಯಾಡವ್ವಾ. ಹಂಗ ಇರಲಿ.”

“ನೀರಾಗರ ಒಮ್ಮಿ?”

“ಬ್ಯಾಡ. ಎಲ್ಲಾ ಅಲ್ಲೆ ಮಾಡ್ತಾರ.”

ಬೆಂಡು ಚೀಲದೊಳಗೆ ಹೋಯಿತು. ಗೋಕಾಕಕ್ಕೆ ಒಯ್ಯಲು ನಾನು ಗಾಡಿಯ ಹಿಂದೆ ಚೀಲ ಇಟ್ಟುಕೊಂಡೆ. ವೈನಿ ಬಾಯಿ ಕಟ್ಟಿದರು, ಬಿಚ್ಚಿ ಒಳಗೆ ನೋಡಿದರು, ಮತ್ತೆ ಕಟ್ಟಿದರು. ಹಗ್ಗದ ತುದಿ ಅವರ ಕೈಯಲ್ಲೇ ಉಳಿಯಿತು.

“ಏನೂ ಮಾಡದ ಹಂಗ ಕೊಟ್ಟು ಕಳಸೂದು ಬಾಳ ಕಠಿಣ ಐತ್ರಿ ಕಾಕಾ,” ಎಂದರು.